ಹಲ್ಲಿನ ಮೇಲೆ ನೂರು ಸುತ್ತು

ಸುಬ್ಬಲಕ್ಷ್ಮಿಯವರು ಹಲ್ಲಿನ ಮೇಲೆ ಎಣಿಸುತ್ತಿದ್ದರು. ತಾಮ್ರದ ತಂತಿಯನ್ನು ಎಡಗೈ ಬಿಗಿಹಿಡಿದಿರುತ್ತದೆ, ಕೊಳವೆಯನ್ನು ಬಲಗೈ ತಿರುಗಿಸುತ್ತಿರುತ್ತದೆ, ಬೆರಳು ಮಡಿಸಿ ಲೆಕ್ಕವಿಡಲು ಯಾವ ಕೈಗೂ ಬಿಡುವಿಲ್ಲ. ಒಂದರಿಂದ ಹತ್ತರವರೆಗೆ ಮನಸ್ಸಿನಲ್ಲಿ ಎಣಿಸುವುದು. ಹತ್ತಾದ ಕೂಡಲೇ ನಾಲಿಗೆಯ ತುದಿಯನ್ನು ಒಂದು ಹಲ್ಲಿನಿಂದ ಮುಂದಿನದಕ್ಕೆ ಸರಿಸುವುದು. ಎಡಗಡೆಯಿಂದ ಹೊರಟ ನಾಲಿಗೆ ಹತ್ತು ಹಲ್ಲು ದಾಟಿದರೆ ನೂರು ಸುತ್ತು. ಸರ್ಕಾರಿ ದೂರವಾಣಿ ಕಾರ್ಖಾನೆಯ ಸುರುಳಿ ವಿಭಾಗದಲ್ಲಿ ಅವರು ಮೂವತ್ತೊಂದು ವರ್ಷ ಹೀಗೆಯೇ ಸುತ್ತಿದ್ದರಂತೆ. ಹೊಸ ಸುರುಳಿಗಳನ್ನು ಯಂತ್ರ ಸುತ್ತುತ್ತಿತ್ತು, ಅದಕ್ಕೆ ತನ್ನದೇ ಲೆಕ್ಕದ ಮುಳ್ಳಿತ್ತು. ಸುಟ್ಟು ವಾಪಸು ಬಂದವನ್ನು ಮಾತ್ರ ಹೆಂಗಸರು ಕೈಯಲ್ಲಿ ಸುತ್ತಬೇಕಿತ್ತು.

ಬಾಯಿ ತೆರೆದರೆ ನಾಲಿಗೆಯ ಜಾಗ ತಪ್ಪುತ್ತದೆ. ಆದ್ದರಿಂದ ಸುತ್ತುತ್ತಿರುವವರನ್ನು ಯಾರೂ ಮಾತಾಡಿಸಬಾರದು ಎಂಬುದು ಆ ವಿಭಾಗದ ಕಟ್ಟಳೆ. ಮೇಲಧಿಕಾರಿ ಬಂದು ನಿಂತರೂ ಸುತ್ತುವಾಕೆ ಬಲ ಮೊಣಕೈಯನ್ನು ಚೂರು ಮೇಲೆತ್ತುತ್ತಾಳೆ, ಅಷ್ಟೆ. ಅವನು ಕಾಯುತ್ತಾನೆ.

ಇದೆಲ್ಲ ನನಗೆ ತಿಳಿದದ್ದು ನನ್ನ ಮಗಳು ನಿವೇದಿತಾಳಿಂದ. ಒಂದು ಸಂಜೆ ಅವಳು ಊಟದ ಮೇಜಿನ ಮೇಲೆ ಪಿವಿಸಿ ಪೈಪಿನ ತುಂಡೊಂದಕ್ಕೆ ಹೊಲಿಗೆ ದಾರ ಸುತ್ತುತ್ತಾ ಕುಳಿತಿದ್ದಳು. ಚಪಾತಿಗೆ ಪಲ್ಯ ಏನು ಮಾಡಲಿ ಎಂದು ಎರಡು ಸಲ ಕೇಳಿದೆ. ಅವಳ ಕೆನ್ನೆಯೊಳಗೆ ಏನೋ ಹರಿದಾಡುತ್ತಿತ್ತು.

"ಹಲ್ಲುನೋವಾ?" ಎಂದೆ.

ಅವಳು ಮೊಣಕೈ ಎತ್ತಿದಳು. ಅದರ ಅರ್ಥ ನನಗೆ ಆಗ ಗೊತ್ತಿರಲಿಲ್ಲ. ಮುಗಿಸಿ, ದಾರದ ತುದಿಗೆ ಟೇಪ್ ಅಂಟಿಸಿ, ಹನ್ನೊಂದು ವರ್ಷದ ಆ ಹುಡುಗಿ ಗಂಭೀರವಾಗಿ ಹೇಳಿದಳು: "ಸುತ್ತೋವಾಗ ಮಾತಾಡಿಸ್ಬಾರ್ದು ಅಮ್ಮ. ಸೆಕ್ಷನ್ ರೂಲು."

ಯಾವ ಸೆಕ್ಷನ್ ಎಂದು ನಾನು ಕೇಳಲಿಲ್ಲ. ಎದುರು ಮನೆಯಿಂದ ಬಂದ ಮಾತು ಎಂದು ಗೊತ್ತಾಗಿತ್ತು.

ನಾವಿರುವುದು ಬೆಂಗಳೂರಿನ ಹೂಡಿಯ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ನನ್ನ ಗಂಡ ಶಿವರಾಜ್ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿದ್ದಾರೆ. ನಾನು ದಾವಣಗೆರೆಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಪಿಯು ಕಾಲೇಜಿನಲ್ಲಿ ಮೂರು ವರ್ಷ ಪಾಠ ಮಾಡಿ, ಮಗಳು ಹುಟ್ಟುವ ಮುಂಚೆ ಬಿಟ್ಟೆ. ಅವಳಿಗೆ ನಾಲ್ಕು ತುಂಬಿದಾಗ ಕೆಳಗಿನ ಕ್ಲಬ್ ಹೌಸಿನಲ್ಲಿ ಭಾನುವಾರದ ಬಳಗವೊಂದನ್ನು ಶುರುಮಾಡಿದೆ. ಹೆಸರು 'ಕೈಯಾರೆ'. ಮಕ್ಕಳು, ಅವರ ಅಪ್ಪ ಅಮ್ಮ, ಯಾರು ಬೇಕಾದರೂ ಬರಬಹುದು. ನೋಡಲು ಮಾತ್ರ ಬರುವಂತಿಲ್ಲ. ನಿಂಬೆಹಣ್ಣಿನ ಬ್ಯಾಟರಿ, ಸ್ಟ್ರಾಗಳ ಸೇತುವೆ, ರಟ್ಟಿನ ಪೆರಿಸ್ಕೋಪು. ಪ್ರತಿಯೊಂದನ್ನೂ ಹಿಂದಿನ ವಾರವೇ ನಾನು ಮೂರು ಸಲ ಮಾಡಿ ನೋಡುತ್ತಿದ್ದೆ, ಯಾವ ಹಂತದಲ್ಲಿ ಯಾವ ತಪ್ಪಾಗುತ್ತದೆ ಎಂದು ಬರೆದಿಡುತ್ತಿದ್ದೆ. ನಿವೇದಿತಾ ನನ್ನ ಸಹಾಯಕಿ. ಅವಳು ಕತ್ತರಿಗಳನ್ನು ಎಣಿಸಿ ಹಂಚುತ್ತಿದ್ದಳು. ನಾನು ಕೈ ಚಾಚುವ ಮುಂಚೆಯೇ ಬೇಕಾದದ್ದು ಅಂಗೈಗೆ ಬರುತ್ತಿತ್ತು. ಏಳು ವರ್ಷ ಹಾಗೆ ನಡೆಯಿತು. ಅದು ಯಾವತ್ತೂ ಹಾಗೆಯೇ ಇರುತ್ತದೆ ಎಂದು ನಾನು ನಂಬಿದ್ದೆ ಅಂತಲ್ಲ. ಬದಲಾಗಬಹುದು ಎಂದು ಯೋಚಿಸಿಯೇ ಇರಲಿಲ್ಲ.

ಸುಬ್ಬಲಕ್ಷ್ಮಿಯವರು ಹೋದ ವರ್ಷ ಎದುರು ಫ್ಲಾಟಿನ ಮಗನ ಮನೆಗೆ ಬಂದರು. ಮೊದಲ ಸಲ ಕ್ಲಬ್ ಹೌಸಿಗೆ ಬಂದದ್ದು ಮೊಮ್ಮಗ ಚಿನ್ಮಯನನ್ನು ಊಟಕ್ಕೆ ಕರೆದೊಯ್ಯಲು. ಅವತ್ತು ಮೊಳೆಗೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡುತ್ತಿದ್ದೆವು. ಮಾದರಿಯನ್ನು ಮೇಜಿನ ಮಧ್ಯೆ ಇಟ್ಟಿದ್ದೆ. ಅವರು ಕನ್ನಡಕ ಏರಿಸಿ ಅದನ್ನೆತ್ತಿಕೊಂಡರು.

"ಯಾರಪ್ಪ ಇದನ್ನ ಸುತ್ತಿದ್ದು? ಶ್ಯಾವಿಗೆ ಥರ ಇದೆ."

ಮಕ್ಕಳು ನಕ್ಕರು. ಮೊದಲು ನಕ್ಕವಳು ನಿವೇದಿತಾ, ಸುತ್ತಿದ್ದು ನಾನೆಂದು ಗೊತ್ತಿದ್ದ ಒಬ್ಬಳೇ ಒಬ್ಬಳು.

ಸುಬ್ಬಲಕ್ಷ್ಮಿಯವರು ನಿಂತಲ್ಲಿಯೇ ಇನ್ನೊಂದು ಮೊಳೆ ತೆಗೆದುಕೊಂಡು ಸುತ್ತಿದರು. ಎರಡು ನಿಮಿಷ ಹಿಡಿದಿರಬಹುದು. ತಂತಿಯ ಒಂದೊಂದು ಸುತ್ತೂ ಹಿಂದಿನದನ್ನು ಒತ್ತಿಕೊಂಡು, ನಡುವೆ ಕೂದಲೆಳೆಯ ಸಂದೂ ಇಲ್ಲದೆ, ತಾಮ್ರದ ತಗಡನ್ನು ಹೊದಿಸಿದಂತೆ ಕೂತಿತ್ತು. ಬ್ಯಾಟರಿಗೆ ಜೋಡಿಸಿ ಗುಂಡುಸೂಜಿಗಳ ಮೇಲೆ ಹಿಡಿದೆವು. ಅವರದು ಹದಿನೇಳು ಸೂಜಿ ಎತ್ತಿತು. ನನ್ನ ಶ್ಯಾವಿಗೆಯೂ ಹದಿನೇಳನ್ನೇ ಎತ್ತಿತು. ಆಗಬೇಕಾದ್ದೇ ಅದು: ಸುತ್ತುಗಳೂ ಹರಿವ ಕರೆಂಟೂ ಸಮವಾಗಿದ್ದರೆ ಕಾಂತದ ಬಲವೂ ಹೆಚ್ಚುಕಡಿಮೆ ಸಮ, ಅಂದಕ್ಕೆ ಅಲ್ಲಿ ಅಂಕವಿಲ್ಲ. ಹದಿನೇಳು ಎಂದು ಹಲಗೆಯ ಮೇಲೆ ಎರಡು ಸಲ ಬರೆದೆ. ಯಾರೂ ಹಲಗೆಯ ಕಡೆ ನೋಡಲಿಲ್ಲ. ನಿವೇದಿತಾ ಅವರ ಸುರುಳಿಯ ಮೇಲೆ ಉಗುರು ಎಳೆದು ಅದರ ಸದ್ದು ಕೇಳುತ್ತಿದ್ದಳು.

ಆಮೇಲೆ ಅವಳು ದಿನಾ ಸಂಜೆ ಎದುರು ಮನೆಗೆ ಹೋಗತೊಡಗಿದಳು.

"ನಿನ್ ಸ್ಟೂಡೆಂಟ್ ಎದುರು ಮನೆಗೆ ಟ್ರಾನ್ಸ್‌ಫರ್ ತಗೊಂಡ್ಳಲ್ಲ," ಎಂದು ಶಿವರಾಜ್ ತಮಾಷೆ ಮಾಡಿದರು.

"ಒಳ್ಳೇದೇ ಆಯ್ತು ಬಿಡಿ, ಕೈಕೆಲಸ ಕಲೀತಾಳೆ," ಎಂದೆ. ಧ್ವನಿ ಸರಿಯಾಗಿಯೇ ಇತ್ತು ಅನಿಸುತ್ತದೆ. ಅವರು ಮತ್ತೆ ಟಿವಿ ಕಡೆ ತಿರುಗಿದರು.

ಹೊಟ್ಟೆಕಿಚ್ಚು ಎಂಬ ಪದವನ್ನು ನಾನು ತಕ್ಷಣ ಬಳಸಲಿಲ್ಲ. ಮೊದಲು ಬೇರೆ ಹೆಸರುಗಳನ್ನು ಹುಡುಕಿದೆ. ಕಾಳಜಿ, ಸಮಯಪಾಲನೆ, ಹೋಮ್‌ವರ್ಕ್. ಪ್ರಯೋಗದಲ್ಲಿ ಒಂದು ಅಂಕಿ ಹೊಂದದಿದ್ದರೆ ಉಪಕರಣವನ್ನು ದೂರುವವರ ಹಾಗೆ. ಆದರೆ ಒಂದು ಸಂಜೆ ಅವಳ ತಲೆ ಬಾಚುವಾಗ ಅವಳ ಎಡಗೈ ಹೆಬ್ಬೆರಳ ಮೇಲೆ ತಂತಿ ಜಾರಿಜಾರಿ ಮೂಡಿದ ಒಂದು ಗೆರೆ ಕಂಡೆ. ಗಟ್ಟಿಯಾಗಿ, ನಯವಾಗಿ, ಚರ್ಮದ್ದೇ ಭಾಗವಾಗಿಬಿಟ್ಟಿತ್ತು. ನನ್ನ ಮಗಳ ಮೈಮೇಲೆ ನನಗೆ ಗೊತ್ತಿಲ್ಲದೆ ಬೇರೆಯವರು ಮೂಡಿಸಿದ ಗುರುತು ಅನ್ನಿಸಿ ಹೊಟ್ಟೆಯೊಳಗೆ ನಿಜವಾಗಿಯೂ ಏನೋ ಉರಿಯಿತು. ಪದ ಎಷ್ಟು ನಿಖರವಾಗಿದೆ ಎಂದು ಅವತ್ತು ತಿಳಿಯಿತು.

ಮರುದಿನ ಬಾಗಿಲು ಹಾಕಿಕೊಂಡು ನಾನೂ ಸುತ್ತಿ ನೋಡಿದೆ, ಹಲ್ಲಿನ ಮೇಲೆ ಎಣಿಸುತ್ತಾ. ಆರನೆಯ ಹಲ್ಲಿಗೆ ಬಂದಾಗ ಎಂಜಲು ನುಂಗಿದೆ. ನಾಲಿಗೆ ಎಲ್ಲಿತ್ತೆಂದು ಮರೆತುಹೋಯಿತು.

ನನಗೆ ನನ್ನದೇ ದಾರಿಯಿತ್ತು. ತಂತಿಯ ದಪ್ಪ ಅರ್ಧ ಮಿಲಿಮೀಟರ್. ಒತ್ತೊತ್ತಾಗಿ ಸುತ್ತಿದ ಸುರುಳಿಯ ಉದ್ದವನ್ನು ಸ್ಕೇಲಿನಲ್ಲಿ ಅಳೆದು ಎರಡರಿಂದ ಗುಣಿಸಿದರೆ ಸುತ್ತುಗಳ ಸಂಖ್ಯೆ ಬರುತ್ತದೆ. ಎಣಿಸುವುದೇ ಬೇಡ, ಬಾಯಿ ಮುಚ್ಚುವುದೂ ಬೇಡ. ಮುಂದಿನ ಭಾನುವಾರ ಇದನ್ನು ಮಕ್ಕಳಿಗೆ ತೋರಿಸಿದೆ. ಸುಂದರವಾದ ವಿಧಾನ, ಈಗಲೂ ಹಾಗೇ ಅಂದುಕೊಂಡಿದ್ದೇನೆ. ಮಕ್ಕಳು ಸಭ್ಯತೆಯಿಂದ ಕೇಳಿಸಿಕೊಂಡು ಹಲ್ಲಿನ ಎಣಿಕೆಗೆ ಮರಳಿದರು. ಅಷ್ಟರಲ್ಲಿ ಅದು ಇಡೀ ಅಪಾರ್ಟ್‌ಮೆಂಟಿನ ಆಟವಾಗಿತ್ತು. ಲಿಫ್ಟಿನಲ್ಲಿ ಮಹಡಿಗಳನ್ನು, ಮೆಟ್ರೋದಲ್ಲಿ ಕಂಬಗಳನ್ನು ಎಲ್ಲರೂ ಕೆನ್ನೆ ಉಬ್ಬಿಸಿ ಎಣಿಸುತ್ತಿದ್ದರು.

"ನಂಗೆ ಎರಡು ಹಲ್ಲು ಬಿದ್ದಿದೆ ಆಂಟಿ," ಎಂದ ಚಿನ್ಮಯ್. ಅವನಿಗೆ ಒಂಬತ್ತು. "ನಾನು ನೂರು ಅಂದ್ರೆ ಎಂಬತ್ತು ಅಂತ ತಿಳ್ಕೋಬೇಕು."

ಪ್ರತಿ ವರ್ಷ ನವೆಂಬರಿನಲ್ಲಿ 'ಕೈಯಾರೆ'ಯ ದೊಡ್ಡ ದಿನ. ಒಂದು ಮಗು, ಅದರ ಜತೆ ಮನೆಯ ಒಬ್ಬ ದೊಡ್ಡವರು. ಒಂದೇ ಮೇಜು, ಎರಡು ಗಂಟೆ, ಒಂದು ವಸ್ತು ಪೂರ್ತಿಯಾಗಬೇಕು. ನಿಯಮ ಬರೆದವಳು ನಾನೇ. ಆರು ವರ್ಷವೂ ಮೊದಲ ಮೇಜು ನಮ್ಮದು, ನನ್ನದು ಮತ್ತು ನಿವೇದಿತಾಳದು. ವರ್ಷಕ್ಕೊಂದರಂತೆ ಆರು ಫೋಟೋಗಳು ಹಜಾರದಲ್ಲಿ ಸಾಲಾಗಿವೆ. ಈ ಸಲದ ವಸ್ತು ಬ್ಯಾಟರಿಯೇ ಇಲ್ಲದ ರೇಡಿಯೋ: ಪೈಪಿನ ಮೇಲೆ ನೂರು ಸುತ್ತಿನ ಸುರುಳಿ, ಒಂದು ಡಯೋಡು, ಒಂದು ಟ್ಯೂನಿಂಗ್ ಗುಂಡಿ, ಕಿವಿಗೊಂದು ಇಯರ್‌ಫೋನು, ಆಕಾಶಕ್ಕೊಂದು ತಂತಿ, ನೆಲಕ್ಕೊಂದು ತಂತಿ.

ಎರಡು ವಾರ ಮುಂಚೆ ನಿವೇದಿತಾ ಚಿನ್ಮಯನನ್ನು ಜತೆಗೆ ಕರೆದುಕೊಂಡು ಅಡುಗೆಮನೆಗೆ ಬಂದಳು. ಒಬ್ಬಳೇ ಬರಲಿಲ್ಲ ಎಂಬುದನ್ನು ಗಮನಿಸಿದೆ.

"ಅಮ್ಮ, ಈ ಸಲ ಎಕ್ಸ್‌ಚೇಂಜ್ ಮಾಡ್ಕೋಬಹುದಾ? ನಾನು ಅಜ್ಜಿ ಜೊತೆ, ಇವ್ನು ನಿನ್ ಜೊತೆ."

"ಮನೆಯವರೇ ಇರ್ಬೇಕು ಅಂತ ನಿಯಮ ಇದೆಯಲ್ಲ."

"ಮನೆಯವರು ಅಂತಾನೇ ಇದೆ. ಯಾವ ಮನೆ ಅಂತ ಇಲ್ಲ," ಎಂದಳು. ನನ್ನ ಮಗಳಲ್ಲವೇ, ನಿಯಮವನ್ನು ಸರಿಯಾಗಿ ಓದಿದ್ದಳು.

"ನಿನಗೆ ಓಕೇನಾ ಚಿನ್ಮಯ್?"

"ಅಜ್ಜಿ ಜೊತೆ ಕೂತ್ರೆ ಮಾತಾಡೋ ಹಾಗಿಲ್ಲ ಆಂಟಿ. ಎರಡು ಗಂಟೆ ನಾನು ಸತ್ತೇ ಹೋಗ್ತೀನಿ."

ಬೇಡ ಎನ್ನಲು ಕಾರಣ ಬೇಕಿತ್ತು. ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. "ಸರಿ," ಎಂದೆ.

ಆ ಎರಡು ವಾರ ನಾನು ಮನಸ್ಸಿನಲ್ಲಿ ಬಯಸಿದ್ದನ್ನು ಇಲ್ಲಿ ಬರೆಯಬೇಕು. ಅವರ ರೇಡಿಯೋ ಕೆಡಲಿ ಎಂದು ಬಯಸಲಿಲ್ಲ. ಸುಬ್ಬಲಕ್ಷ್ಮಿಯವರು ನಿವೇದಿತಾಳ ಎದುರು ಒಂದೇ ಒಂದು ಸಲ ತಪ್ಪಲಿ, ಅವಳು ತಲೆಯೆತ್ತಿ ನನ್ನನ್ನು ಹುಡುಕಲಿ ಎಂದು ಬಯಸಿದೆ. ಅವಳು ಮುಂದಿನ ವರ್ಷ ನನ್ನ ಮೇಜಿಗೆ ವಾಪಸು ಬರಬೇಕಾದರೆ ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದೆ.

ದಿನ ಬಂತು. ಹದಿನಾಲ್ಕು ಮೇಜು, ಹದಿನಾಲ್ಕು ಜೋಡಿ. ಆಕಾಶದ ತಂತಿಗಳನ್ನು ಕ್ಲಬ್ ಹೌಸಿನ ಮೇಲಿಂದ ಬ್ಯಾಡ್ಮಿಂಟನ್ ಕಂಬಕ್ಕೆ ಎಳೆದಿದ್ದೆ, ನೆಲದ ತಂತಿಗಳಿಗಾಗಿ ಹುಲ್ಲಿನಲ್ಲಿ ಕಬ್ಬಿಣದ ಸರಳು ಹೊಡೆಸಿ ನೀರು ಹಾಕಿಸಿದ್ದೆ. ಹತ್ತೂವರೆಗೆ ಶುರು. ಹನ್ನೆರಡೂವರೆಗೆ ಯಾರದೋ ಹುಟ್ಟುಹಬ್ಬಕ್ಕೆ ಹಾಲ್ ಬಿಟ್ಟುಕೊಡಬೇಕಿತ್ತು; ಬಲೂನಿನವರು ಹನ್ನೊಂದಕ್ಕೇ ಬಂದು ಬಾಗಿಲಲ್ಲಿ ಕೂತಿದ್ದರು.

ಚಿನ್ಮಯ್ ಜತೆ ಕೆಲಸ ಮಾಡುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅವನು ಜೋರಾಗಿ ಎಣಿಸುತ್ತಿದ್ದ, ನಡುವೆ ಕತೆ ಹೇಳುತ್ತಿದ್ದ, ಮೂವತ್ತೊಂಬತ್ತಾದ ಮೇಲೆ ಐವತ್ತಕ್ಕೆ ಹಾರಿದ.

"ನಲವತ್ತು ಎಲ್ಲಿ ಹೋಯ್ತೋ?"

"ನಲವತ್ತು ಇವತ್ತು ರಜಾ ಆಂಟಿ. ಭಾನುವಾರ ಅಲ್ವಾ?"

ನಕ್ಕುಬಿಟ್ಟೆ. ಸುರುಳಿ ಅಲ್ಲಲ್ಲಿ ಸಡಿಲವಾಗಿತ್ತು, ಹತ್ತು ಸುತ್ತು ಕಡಿಮೆಯೂ ಇತ್ತು, ಇರಲಿ ಎಂದೆ. ಹತ್ತು ಸುತ್ತು ಹೆಚ್ಚುಕಡಿಮೆಯಾದರೆ ಟ್ಯೂನಿಂಗ್ ಗುಂಡಿಯನ್ನು ಚೂರು ಹೆಚ್ಚು ತಿರುಗಿಸಿದರಾಯಿತು. ಅದು ನಿಜ ಕೂಡ. ಹನ್ನೊಂದೂಕಾಲಿಗೆ ನಮ್ಮ ಸುರುಳಿ ಮುಗಿದಿತ್ತು.

ಕೊನೆಯ ಸಾಲಿನ ಮೇಜಿನಲ್ಲಿ ಸುಬ್ಬಲಕ್ಷ್ಮಿಯವರು ನನಗೆ ಬೆನ್ನು ಮಾಡಿ ಕೂತಿದ್ದರು. ಅವರ ಹಸಿರು ಸೀರೆಯ ಬೆನ್ನು, ಮೆಲ್ಲಗೆ ಅಲುಗುವ ಬಲ ಮೊಣಕೈ, ಅದರಾಚೆ ನಿವೇದಿತಾಳ ತಲೆಯ ಕಾಲುಭಾಗ. ಅವಳ ಮುಂಗುರುಳು ಕಣ್ಣಿಗೆ ಬಿದ್ದಿತ್ತೆಂದು ಕಾಣುತ್ತದೆ. ಕೈ ತೆರವಿಲ್ಲದ್ದರಿಂದ ಸುಬ್ಬಲಕ್ಷ್ಮಿಯವರು ಮಣಿಕಟ್ಟಿನಿಂದ ಆ ಕೂದಲನ್ನು ಹಿಂದಕ್ಕೆ ಸರಿಸಿದರು. ಅವಳು ತಲೆಯೆತ್ತದೆ, ಬೆಕ್ಕಿನ ಮರಿಯ ಹಾಗೆ ಹಣೆಯನ್ನು ಒಂದು ಕ್ಷಣ ಆ ಮಣಿಕಟ್ಟಿಗೆ ಒತ್ತಿದಳು.

ನಾನು ಪಟ್ಟಿ ಮತ್ತು ಪೆನ್ನು ತೆಗೆದುಕೊಂಡು ಎದ್ದೆ.

ಪಟ್ಟಿ ಪ್ರಮಾಣಪತ್ರಗಳಿಗಾಗಿ ಮಾಡಿದ್ದು. ನಾಲ್ಕೈದು ಮೇಜುಗಳಲ್ಲಿ ನಿಂತು ಹೆಸರುಗಳ ಕಾಗುಣಿತ ಕೇಳಿದೆ, ಅದೇ ಕೆಲಸಕ್ಕೆ ಎದ್ದವಳಂತೆ. ಯಾವ ಪ್ರಶ್ನೆ ಕೇಳಬೇಕೆಂದು ಅಷ್ಟರಲ್ಲಿ ತೀರ್ಮಾನಿಸಿದ್ದೆ. ಹೇಗಿದ್ದೀರಿ ಎಂದರೆ ತಲೆಯಾಡಿಸಬಹುದು. ಕಾಫಿ ಬೇಕೇ ಎಂದರೂ ತಲೆಯಾಡಿಸಬಹುದು. ಎಣಿಕೆಯನ್ನು ಕೆಡಿಸಬೇಕಾದರೆ ಇನ್ನೊಂದು ಸಂಖ್ಯೆಯೇ ಬೇಕು. ಅವರ ಬೆನ್ನ ಹಿಂದೆ ನಿಂತು ಕೇಳಿದೆ:

"ನಿಮ್ಮ ಫ್ಲಾಟ್ ನಂಬರ್ ಎಷ್ಟು ಅಂದ್ರಿ?"

ಸುಬ್ಬಲಕ್ಷ್ಮಿಯವರ ಮೊಣಕೈ ಮೇಲೆದ್ದಿತು. ತುಟಿ ಬಿಚ್ಚಲಿಲ್ಲ. ಮೂವತ್ತೊಂದು ವರ್ಷ ಎಂಥೆಂಥವರನ್ನೋ ಕಾಯಿಸಿದ ಮೊಣಕೈ ಅದು.

ಅದರಾಚೆಯಿಂದ ಇನ್ನೊಂದು ಧ್ವನಿ ಹೇಳಿತು: "ಫೋರ್ ನಾಟ್ ಫೋರ್ ಅಮ್ಮ."

ಪೈಪು ಇದ್ದದ್ದು ನಿವೇದಿತಾಳ ಕೈಯಲ್ಲಿ. ಸುಬ್ಬಲಕ್ಷ್ಮಿಯವರು ತಂತಿಯ ಉಂಡೆಯನ್ನು ಹಿಡಿದು ಬಿಗಿ ಕೊಡುತ್ತಿದ್ದರು, ಅಷ್ಟೆ. ಸುತ್ತುತ್ತಿದ್ದವಳು, ಎಣಿಸುತ್ತಿದ್ದವಳು ನನ್ನ ಮಗಳು. ಅಮ್ಮ ಕೇಳಿದಳು, ಅವಳು ಉತ್ತರಿಸಿದಳು.

ಹೇಳಿದ ಮರುಕ್ಷಣ ಅವಳ ಬಾಯಿ ಮುಚ್ಚಿತು. ಕೆನ್ನೆಯೊಳಗೆ ನಾಲಿಗೆ ಹುಡುಕಾಡುವುದು ಹೊರಗಿನಿಂದಲೇ ಕಾಣುತ್ತಿತ್ತು.

"ಎಷ್ಟಾಗಿತ್ತು ಮರಿ?" ಎಂದರು ಸುಬ್ಬಲಕ್ಷ್ಮಿಯವರು.

"ಏಳು ಹಲ್ಲು. ಇಲ್ಲ, ಎಂಟು."

"ಏಳಾ, ಎಂಟಾ?"

"ಗೊತ್ತಾಗ್ತಿಲ್ಲ ಅಜ್ಜಿ."

"ಸರಿ. ಬಿಚ್ಚು."

ಸಿಟ್ಟಿನಿಂದ ಹೇಳಿದ್ದಲ್ಲ. ಹಾಲು ಉಕ್ಕಿದರೆ ಒಲೆ ಒರೆಸು ಎನ್ನುವಂತೆ ಹೇಳಿದರು. ನನ್ನ ಬಾಯಿಂದ ಮಾತು ಬಂದದ್ದು ಅದಕ್ಕಿಂತ ವೇಗವಾಗಿ: "ಬಿಚ್ಚೋದು ಯಾಕೆ? ತಡಿ, ಸ್ಕೇಲ್ ಇದೆ." ಜೇಬಿನಲ್ಲಿಯೇ ಇತ್ತು. ಇಟ್ಟು ನೋಡಿದೆ, ಮೂವತ್ತೆಂಟು ಮಿಲಿಮೀಟರ್. "ಎಪ್ಪತ್ತಾರು ಆಗಿದೆ. ಇನ್ನು ಇಪ್ಪತ್ನಾಲ್ಕು ಸುತ್ತು, ಅಷ್ಟೇ."

ನಾನು ಕಾಯುತ್ತಿದ್ದ ಗಳಿಗೆ ಇದೇ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು ಕೂಡ.

"ಅದು ನಾನು ಎಣ್ಸಿದ್ದಲ್ಲ," ಎಂದಳು.

"ಸಂಖ್ಯೆ ಸರಿಯಾಗಿದ್ರೆ ಯಾರು ಎಣಿಸಿದ್ರೆ ಏನು ನಿವಿ?"

"ಅಳತೆ ಸರಿಯಾಗೇ ಇರುತ್ತೆ ಸೌಮ್ಯಾ," ಎಂದರು ಸುಬ್ಬಲಕ್ಷ್ಮಿಯವರು, ನನ್ನ ಕಡೆ ಪೂರ್ತಿ ತಿರುಗದೆ. "ಆದ್ರೆ ಅವಳು ಎಣಿಸ್ಕೊಂಡು ಹೊರಟಿದ್ದಳು. ಬಿಚ್ಚಲಿ ಬಿಡಿ."

ನಿವೇದಿತಾ ಬಿಚ್ಚಿದಳು. ಬಿಚ್ಚಿದ ತಾಮ್ರದ ತಂತಿ ಮೊದಲಿನಂತೆ ನೇರವಾಗಿರುವುದಿಲ್ಲ, ಸುತ್ತಿನ ನೆನಪು ಅದರಲ್ಲಿ ಉಳಿದು ಗಂಟುಗಂಟಾಗುತ್ತದೆ. ಬಟ್ಟೆಯಲ್ಲಿ ಹಿಡಿದು ಮೊಳ ಮೊಳವೂ ಉಜ್ಜಿ ನೇರ ಮಾಡಬೇಕು. ಇಬ್ಬರೂ ಕೂತು ಅದನ್ನು ಮಾಡಿದರು. ನಾನು ನನ್ನ ಮೇಜಿಗೆ ಮರಳಿದೆ.

ಮೊದಲು ಸದ್ದು ಹಿಡಿದದ್ದು ನಮ್ಮ ರೇಡಿಯೋ. ಚಿನ್ಮಯ್ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಅಗಲಿಸಿ ಕೂತ.

"ಆಂಟಿ, ಒಬ್ಬರು ಹೆಂಗಸು ಸೊಪ್ಪಿನ ಸಾರಿನ ಬಗ್ಗೆ ಮಾತಾಡ್ತಾ ಇದಾರೆ. ಬ್ಯಾಟ್ರಿನೇ ಇಲ್ದೆ."

ಹಾಲಿನಲ್ಲಿದ್ದವರೆಲ್ಲ ಬಂದು ನಮ್ಮ ಮೇಜಿನ ಸುತ್ತ ನಿಂತರು, ಒಬ್ಬೊಬ್ಬರಾಗಿ ಕೇಳಿದರು. ಯಾರೋ ಫೋಟೋ ತೆಗೆದರು. ಆ ತಲೆಗಳ ಸಂದಿನಿಂದ ನನಗೆ ಕೊನೆಯ ಮೇಜು ಕಾಣುತ್ತಿತ್ತು. ಇಬ್ಬರು ಮಾತ್ರ ಎದ್ದು ಬಂದಿರಲಿಲ್ಲ. ಹನ್ನೆರಡೂವರೆಗೆ ಬಲೂನಿನವರು ಒಳಗೆ ನುಗ್ಗಿದಾಗ ಅವರ ಸುರುಳಿ ಆರು ಹಲ್ಲಿನವರೆಗೆ ಬಂದಿತ್ತು. ಹದಿನಾಲ್ಕರಲ್ಲಿ ಹದಿಮೂರು ರೇಡಿಯೋ ಪೂರ್ತಿಯಾದವು.

ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ. ನಿವೇದಿತಾ ಬಂದು ಫ್ರಿಜ್ಜಿಗೆ ಒರಗಿ ನಿಂತಳು.

"ಎದುರು ಮನೆ ನಂಬರ್ ನಿಂಗೆ ಗೊತ್ತಿಲ್ವಾ?"

ನಲ್ಲಿ ನಿಲ್ಲಿಸಿದೆ.

"ಲಿಸ್ಟ್‌ನಲ್ಲಿ ಮೊದ್ಲೇ ಇತ್ತು," ಎಂದಳು. "ಶುಕ್ರವಾರ ನಾನೇ ಟೈಪ್ ಮಾಡಿದ್ದು. ಫ್ಲಾಟ್ ನಂಬರ್ ಎಲ್ಲಾರ್ದೂ ಹಾಕಿದ್ದೆ."

ಕೆಲವು ಉತ್ತರಗಳು ತಲೆಯಲ್ಲಿ ಸುಳಿದವು. ಬ್ಲಾಕ್ ಯಾವುದೆಂದು ಅನುಮಾನ ಬಂತು. ಕನ್ನಡಕ ತಂದಿರಲಿಲ್ಲ. ಒಂದೊಂದನ್ನೂ ಅವಳು ಹೇಗೆ ಬೀಳಿಸುತ್ತಾಳೆ ಎಂಬುದೂ ಜತೆಯಲ್ಲೇ ಕಂಡಿತು. ಹಾಗೆ ಬೀಳಿಸುವುದನ್ನು ಏಳು ವರ್ಷ ಕಲಿಸಿದವಳು ನಾನು.

"ಗೊತ್ತಿತ್ತು," ಎಂದೆ.

"ಮತ್ತೆ ಯಾಕೆ ಕೇಳ್ದೆ?"

"ಅಜ್ಜಿ ಎಣಿಕೆ ತಪ್ಪಲಿ ಅಂತ."

"ಅಜ್ಜಿ ಎಣಿಸ್ತಾ ಇರ್ಲಿಲ್ಲ. ನಾನು."

"ಅದು ಗೊತ್ತಿರ್ಲಿಲ್ಲ ಕಣೇ. ಗೊತ್ತಿದ್ರೆ ಕೇಳ್ತಿರ್ಲಿಲ್ಲ."

"ಅಜ್ಜಿ ಆಗಿದ್ರೆ ಪರವಾಗಿರ್ಲಿಲ್ವಾ?"

ಸೋಪಿನ ನೊರೆ ಮೊಣಕೈವರೆಗೆ ಇಳಿದಿತ್ತು. ಒರೆಸಿಕೊಂಡೆ.

"ಹೊಟ್ಟೆಕಿಚ್ಚು," ಎಂದೆ. "ನೀನು ಅವರ ಹತ್ರ ಹೋದಾಗಿನಿಂದ."

ಅವಳು ಅಳುತ್ತಾಳೆ ಅಥವಾ ಕೂಗುತ್ತಾಳೆ ಎಂದುಕೊಂಡಿದ್ದೆ. ಅವಳು ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ಟೊಂದನ್ನು ಅತ್ತಿತ್ತ ಜಾರಿಸುತ್ತಾ ಯೋಚಿಸಿದಳು.

"ನಂಗೂ ಇವತ್ತು ಆಗಿತ್ತು. ಚಿನ್ಮಯ್ ಮೇಲೆ."

"ಅವನ ಮೇಲೆ ಯಾಕೆ?"

"ನೀನು ನಗ್ತಾ ಇದ್ದೆ. ಅವ್ನು ಹತ್ತು ಸುತ್ತು ಹಾರಿಸ್ದ, ನೀನು ನಕ್ಕು ಇರ್ಲಿ ಬಿಡು ಅಂದೆ. ನಂಗೆ ಕೇಳಿಸ್ತು." ಮ್ಯಾಗ್ನೆಟ್ಟು ಕೆಳಗೆ ಬಿತ್ತು, ಎತ್ತಿ ಇಟ್ಟಳು. "ನನ್ ಜೊತೆ ಮಾಡೋವಾಗ ನೀನು ನಗಲ್ಲ. ಕಾಯ್ತಾ ಇರ್ತೀಯ, ಯಾವಾಗ ತಪ್ಪು ಮಾಡ್ತೀನಿ ಅಂತ."

"ತಪ್ಪು ತೋರಿಸೋದಕ್ಕೆ ಅಲ್ಲ ನಿವಿ, ತಿದ್ದೋದಕ್ಕೆ."

"ಎರಡೂ ಒಂದೇ ಥರ ಕಾಣುತ್ತೆ," ಎಂದಳು.

ಆರು ವರ್ಷದ ಆರು ಫೋಟೋಗಳಲ್ಲಿ ನಾನು ಎಲ್ಲಿ ನೋಡುತ್ತಿದ್ದೇನೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಎಲ್ಲದರಲ್ಲೂ ಅವಳ ಕೈಗಳನ್ನು. ಅದು ಪ್ರೀತಿ ಎಂದೇ ತಿಳಿದಿದ್ದೆ. ಪ್ರೀತಿಯೇ ಅದು, ಆದರೆ ಆ ಕಡೆಯಿಂದ ನೋಡಿದರೆ ಹೇಗಿರುತ್ತದೆ ಎಂದು ಒಮ್ಮೆಯೂ ನೋಡಿರಲಿಲ್ಲ.

"ಮುಂದಿನ ವರ್ಷ ನನ್ ಜೊತೆ ಕೂರ್ತೀಯಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಇಲ್ಲ ಅಮ್ಮ. ಅಜ್ಜಿ ಜೊತೆ ಮುಗೀಲೇ ಇಲ್ವಲ್ಲ."

"ಅದು ಮುಗಿದ್ಮೇಲೆ?"

"ನೋಡೋಣ." ಬಾಗಿಲವರೆಗೆ ಹೋಗಿ ನಿಂತಳು. "ಅಜ್ಜಿಗೆ ಹೇಳು. ನಾನು ಹೇಳಲ್ಲ."

ನಮ್ಮ ಬಾಗಿಲಿಗೂ ಅವರ ಬಾಗಿಲಿಗೂ ನಡುವೆ ಎಂಟು ಅಡಿಯೂ ಇಲ್ಲ. ಸುಬ್ಬಲಕ್ಷ್ಮಿಯವರೇ ಬಾಗಿಲು ತೆರೆದರು. ಒಳಗೆ ಕರೆದರು, ನಾನು ಹೋಗಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಅನಿಸಿತು. ನಿಂತೇ ಹೇಳಿದೆ. ನಂಬರು ಗೊತ್ತಿತ್ತೆಂದು, ಬೇಕೆಂದೇ ಕೇಳಿದೆನೆಂದು, ನೀವು ಎಣಿಸುತ್ತಿದ್ದೀರಿ ಅಂದುಕೊಂಡು ಕೇಳಿದೆನೆಂದು. ಯಾಕೆ ಎಂಬುದನ್ನೂ ಹೇಳಿದೆ, ಅದೇ ಪದದಲ್ಲಿ.

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನಂಬರ್ ಕೇಳಿದಾಗ್ಲೇ ಅಂದ್ಕೊಂಡೆ," ಎಂದರು. "ಗೊತ್ತಿಲ್ದೆ ಮಾತಾಡ್ಸೋರು ಊಟ ಆಯ್ತಾ ಅಂತಾರೆ. ನಂಬರ್ ಕೇಳೋರು ಕಮ್ಮಿ."

"ಕ್ಷಮಿಸಿ."

"ನಂಗೇನಾಯ್ತು? ಮಗೂಗೆ ಆಗಿದ್ದು." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನಮ್ ಸೆಕ್ಷನ್ನಲ್ಲಿ ಇಂಥದ್ದು ಮಾಡಿದ್ರೆ ಏನ್ ಮಾಡ್ತಿದ್ವಿ ಗೊತ್ತಾ? ರಿಪೋರ್ಟ್ ಗಿಪೋರ್ಟ್ ಇಲ್ಲ. ಮೂರು ದಿನ ಅವಳ ಜೊತೆ ಯಾರೂ ಊಟಕ್ಕೆ ಕೂರ್ತಿರ್ಲಿಲ್ಲ. ಡಬ್ಬಿ ತಗೊಂಡು ಒಬ್ಬಳೇ ಕೂರ್ಬೇಕು. ನಾಲ್ಕನೇ ದಿನ ಯಾರಾದ್ರೂ ಉಪ್ಪಿನಕಾಯಿ ಕೊಟ್ರೆ ಮುಗೀತು, ಆಮೇಲೆ ಆ ಮಾತು ಎತ್ತೋ ಹಾಗಿಲ್ಲ."

"ನನಗೂ ಅಷ್ಟೇ ಆಗಲಿ," ಎಂದೆ.

ತಮಾಷೆಯಾಗಿ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ತಲೆಯಾಡಿಸಿದರು.

"ಇವತ್ತು ಭಾನುವಾರ. ಸೋಮ, ಮಂಗಳ, ಬುಧ. ಗುರುವಾರ ನೋಡೋಣ," ಎಂದು ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ, ಮೆಲ್ಲಗೂ ಅಲ್ಲ.

ಅವರು ಮಾತಿನಂತೆಯೇ ನಡೆದುಕೊಂಡರು. ಸೋಮವಾರ ಬೆಳಿಗ್ಗೆ ಲಿಫ್ಟಿನ ಹತ್ತಿರ ಸಿಕ್ಕಾಗ ನಕ್ಕೆ. ಅವರು ಲಿಫ್ಟಿನ ಬಾಗಿಲ ಮೇಲಿನ ಅಂಕಿಗಳನ್ನು ನೋಡುತ್ತಾ ನಿಂತರು. ಚಿನ್ಮಯ್ ಮಾತ್ರ ನಮ್ಮಿಬ್ಬರನ್ನೂ ನೋಡಿ, "ಟೂ ಬಿಟ್ಕೊಂಡಿದೀರಾ?" ಎಂದು ಕೇಳಿದ.

ಸಂಜೆ ನಿವೇದಿತಾ ಸ್ಕೂಲಿನಿಂದ ಬಂದು, ಹಾಲು ಕುಡಿದು, ಅರ್ಧ ಸುತ್ತಿದ ಪೈಪನ್ನು ಎತ್ತಿಕೊಂಡು ಎದುರು ಮನೆಗೆ ಹೋದಳು. ಎರಡೂ ಮನೆಯ ಬಾಗಿಲುಗಳು ತೆರೆದಿದ್ದವು. ಆಮೇಲೆ ಸುಬ್ಬಲಕ್ಷ್ಮಿಯವರು ಏನೋ ಹೇಳಿದರು, ಮಗಳು ನಕ್ಕಳು. ದೊಡ್ಡದಾಗಿ, ತಲೆ ಹಿಂದಕ್ಕೆ ಹಾಕಿ ನಗುವ ನಗು. ಆ ನಗು ಅವಳಲ್ಲಿದೆ ಎಂದು ನನಗೆ ಮರೆತೇಹೋಗಿತ್ತು. ಉರಿಯಿತು, ನಿನ್ನೆ ಉರಿದಷ್ಟೇ, ಚೂರೂ ಕಡಿಮೆಯಿಲ್ಲದೆ. ಬಾಗಿಲು ಮುಚ್ಚಲು ಎದ್ದವಳು ಮುಚ್ಚಲಿಲ್ಲ. ಕೂತು, ಬರುವ ಭಾನುವಾರಕ್ಕೆ ಬೇಕಾದ ಸಾಮಾನುಗಳ ಪಟ್ಟಿ ಬರೆಯತೊಡಗಿದೆ. ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು.